ರೆಕ್ಕೆಗೆ ನೀರು ಬಿದ್ದ ಬುಧವಾರ

ಜೆರಾಕ್ಸ್ ಅಂಗಡಿಯ ಯಜಮಾನರಿಗೆ ಹೊಟ್ಟೆನೋವು ಎಂದು ಹೇಳಿ ಗಗನ ಬುಧವಾರ ಮಧ್ಯಾಹ್ನದ ರಜೆ ತೆಗೆದುಕೊಂಡಳು. ಹೊಟ್ಟೆಗೆ ಏನೂ ಆಗಿರಲಿಲ್ಲ. ಸರಸ್ವತಿಪುರಂನಿಂದ ಕೆಸರೆಗೆ ಎರಡು ಬಸ್ಸು ಹಿಡಿಯಬೇಕು. ಎರಡನೆಯ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು, ಒಂದೊಂದು ಸಿಗ್ನಲ್ಲಿಗೂ ಡ್ರೈವರನ್ನು ಮನಸ್ಸಿನಲ್ಲೇ ಬೈದಳು.

ಸಂಜೆ ನಾಲ್ಕಕ್ಕೆ ಪೌಲಿನ್ ಆಂಟಿ ಮನೆಗೆ ಬರುವವರಿದ್ದರು. ಗಗನಳ ಜೊತೆ ಅದೇ ಅಂಗಡಿಯಲ್ಲಿ ಟೈಪಿಂಗ್ ಮಾಡುವ ಕ್ಯಾರೊಲಿನ್‌ಳ ತಾಯಿ. ಭಾನುವಾರ ಅವರ ಚರ್ಚಿನ ಹಬ್ಬ. ಸಂಜೆಯ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ತಿಂಡಿಯ ಮೇಜುಗಳು ಬೀಳುತ್ತವೆ, ಯಾರಿಗೆ ಯಾವ ಮೇಜು ಎಂದು ಗೊತ್ತುಮಾಡುವುದು ಪೌಲಿನ್ ಆಂಟಿ. ಒಂದು ಮೇಜು ಮಾತ್ರ ಉಳಿದಿತ್ತು. ಅದಕ್ಕೆ ಯೋಗೇಂದ್ರ ಎಂಬ ಮೋಮೋ ಗಾಡಿಯವನೂ ಕಾದಿದ್ದ. ಗಗನ ಮಾಡುವ ಅಂಟು ಖಾರದ ಕೋಳಿರೆಕ್ಕೆಯನ್ನು ಊಟದ ಡಬ್ಬಿಯಲ್ಲಿ ತಿಂದಿದ್ದ ಕ್ಯಾರೊಲಿನ್ ತಾಯಿಯ ಪ್ರಾಣ ತಿಂದು, "ಒಂದ್ಸಲ ರುಚಿ ನೋಡಿ ಆಮೇಲೆ ಹೇಳಿ ಮಮ್ಮಿ" ಎಂದು ಒಪ್ಪಿಸಿದ್ದಳು.

ಗಗನಳಿಗೆ ಆ ಮೇಜು ಬೇಕೇ ಬೇಕಿತ್ತು. ನಾಲ್ಕು ವರ್ಷದಿಂದ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಇಳಿಸಿ ಅವಳಿಗೆ ಸಾಕಾಗಿತ್ತು. ಸ್ವಂತದ್ದೊಂದು ತಿಂಡಿಗಾಡಿ ಹಾಕುತ್ತೇನೆ ಎಂದಾಗ ಗಂಡ ಕುಮಾರ್, "ಮನೆಯೋರು ಚೆನ್ನಾಗಿದೆ ಅಂದ್ರೆ ಅದು ಲೆಕ್ಕಕ್ಕಿಲ್ಲ. ಗುರುತಿಲ್ದೋರು ದುಡ್ಡು ಕೊಟ್ಟು ತಿನ್ಲಿ. ಅವತ್ತೇ ಗಾಡಿ ಹುಡುಕಣ" ಎಂದಿದ್ದ. ಆಟೋ ಓಡಿಸುವವನು, ಗುರುತಿಲ್ಲದವರ ಜೇಬಿನ ಮೇಲೆ ಬದುಕುವವನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಗುರುತಿಲ್ಲದವರು ಒಂದೇ ಕಡೆ ಇನ್ನೂರು ಮುನ್ನೂರು ಜನ ಸಿಗುವುದು ಭಾನುವಾರ, ಆ ಅಂಗಳದಲ್ಲಿ.

ಕೋಳಿ ಅಂಗಡಿಯ ಗುಟ್ಟೊಂದನ್ನು ಗಗನ ತಿಂಗಳ ಹಿಂದೆಯೇ ಕಂಡುಹಿಡಿದಿದ್ದಳು. ರೆಕ್ಕೆಯ ಬುಡದ ತುಂಡಿಗೆ ಕಬಾಬ್ ಗಾಡಿಯವರು ಮುಗಿಬೀಳುತ್ತಾರೆ, ಅದನ್ನು ಲಾಲಿಪಾಪ್ ಮಾಡುತ್ತಾರೆ. ನಡುವಿನ ತುಂಡು, ತುದಿ, ಇವನ್ನು ಕೇಳುವವರಿಲ್ಲ. ಅರ್ಧಕ್ಕಿಂತ ಕಮ್ಮಿ ಬೆಲೆ. ನಿಜ ಹೇಳಬೇಕೆಂದರೆ ಇಡೀ ಕೋಳಿಯಲ್ಲಿ ಅಂಟುಪಾಕ ಚೆನ್ನಾಗಿ ಹಿಡಿಯುವುದು ಆ ನಡುವಿನ ತುಂಡೇ. ಎರಡು ಮೂಳೆಯ ಮಧ್ಯೆ ಮಾಂಸ, ಸುತ್ತಲೂ ಚರ್ಮ. ಚರ್ಮ ಸುಲಿಯದೆ ಕೊಡಿ ಎಂದಾಗ ಅಂಗಡಿಯವನು ನಕ್ಕಿದ್ದ. "ಎಲ್ಲ ಸುಲ್ದು ಕೊಡಿ ಅಂತಾರೆ, ನೀವು ಉಲ್ಟಾ ಕಣಕ್ಕ."

ಜೇನುತುಪ್ಪದ ಬದಲು ಅಚ್ಚುಬೆಲ್ಲ. ವಿನೆಗರ್ ಬದಲು ಹುಣಸೆಹುಳಿ. ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ನಾಲ್ಕೇ ನಾಲ್ಕು ಕಿಚ್ಚಿಗೆ. ಮುಷ್ಟಿ ತುಂಬ ಬೆಳ್ಳುಳ್ಳಿ. ಪಾಕಕ್ಕೆಂದೇ ದುಡ್ಡು ಕೊಟ್ಟು ತಂದದ್ದೆಂದರೆ ಸಣ್ಣ ಸೀಸೆಯ ಸೋಯಾ ಸಾಸ್ ಒಂದೇ. ಮನೆಯಲ್ಲಿ ಓವನ್ ಇಲ್ಲ, ಬಾಣಲೆಯಿದೆ.

ಮೂರು ಗಂಟೆಗೆ ಎರಡು ಕೆಜಿ ರೆಕ್ಕೆಯೂ ಹುರಿದು ಆಗಿತ್ತು. ಅಕ್ಕಿಹಿಟ್ಟು ಸವರಿದ್ದರಿಂದ ಚರ್ಮ ಗರಿಗರಿಯಾಗಿ, ತಟ್ಟೆಗೆ ಹಾಕಿದರೆ ಕಡಲೆಕಾಯಿಯಂತೆ ಸದ್ದು ಮಾಡುತ್ತಿತ್ತು. ದೊಡ್ಡ ಬಾಣಲೆಯಲ್ಲಿ ಬೆಲ್ಲ ಕರಗಿ, ಖಾರ ಬೆಂದು, ಪಾಕ ಎಳೆ ಬರುವ ಹದಕ್ಕೆ ಬಂತು. ಗಗನ ರೆಕ್ಕೆಗಳನ್ನೆಲ್ಲ ಅದಕ್ಕೆ ಸುರಿದು, ಎರಡು ಸಲ ಮಗುಚಿ, ಉರಿ ಸಣ್ಣದು ಮಾಡಿದಳು. ಕೆಂಪಗೆ, ಅರಗಿನ ಗೊಂಬೆಯ ಹಾಗೆ ಹೊಳೆಯುತ್ತಿದ್ದವು. ಅವಳಿಗೆ ಕೂಗಿಬಿಡಬೇಕು ಅನ್ನಿಸಿತು.

"ಅತ್ತೆ, ತಲೆಗೊಂದು ಚೊಂಬು ನೀರು ಹುಯ್ಕೊಂಡು ಬಂದ್ಬುಡ್ತೀನಿ. ಮೈಯೆಲ್ಲ ಎಣ್ಣೆ ವಾಸನೆ. ಒಲೆ ಕಡೆ ಒಂದು ಕಣ್ಣಿಟ್ಟಿರಿ."

"ಹೋಗು ಹೋಗು, ನಾ ನೋಡ್ಕತೀನಿ" ಎಂದರು ಲಕ್ಷ್ಮಮ್ಮ.

ತಪ್ಪು ಆದದ್ದು ಅಲ್ಲೇ. ಲಕ್ಷ್ಮಮ್ಮ ಬೆಳಗಿನಿಂದ ಒಂದು ಮಾತನ್ನು ನುಂಗಿಕೊಂಡಿದ್ದರು. ಅವರು ಹುಟ್ಟಿ ಬೆಳೆದ ಹಳ್ಳಿಯ ಮನೆಯಲ್ಲಿ ಕೋಳಿ ಕುಯ್ದರೆ ಯಾರಿಗೆ ಯಾವ ತುಂಡು ಎಂಬುದು ಕುಯ್ಯುವ ಮುಂಚೆಯೇ ಗೊತ್ತಿರುತ್ತಿತ್ತು. ತೊಡೆ ಬಂದ ನೆಂಟರಿಗೆ. ಎದೆ, ಈಲಿಯೆಂಬ ಲಿವರು ಮನೆಯ ಗಂಡಸರಿಗೆ. ಕತ್ತು, ರೆಕ್ಕೆ ಒಲೆ ಮುಂದೆ ಬೆಂದ ಹೆಂಗಸರಿಗೆ, ಅದೂ ಮಿಕ್ಕಿದರೆ. ನೆಂಟರ ಎಲೆಗೆ ರೆಕ್ಕೆ ಬಿತ್ತೆಂದು ಊಟ ಬಿಟ್ಟು ಎದ್ದು ಹೋದ ಬೀಗರ ಕತೆ ಅವರ ಬಳಿ ಒಂದಲ್ಲ, ಮೂರಿತ್ತು.

ಗಗನ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದಾಗ ಬಾಣಲೆ ಕಂಠಮಟ್ಟ ತುಂಬಿತ್ತು. ಕೆಂಪು ನೀರಿನಲ್ಲಿ ರೆಕ್ಕೆಗಳು ಮುಳುಗೇಳುತ್ತಿದ್ದವು. ಲಕ್ಷ್ಮಮ್ಮ ಪಕ್ಕದಲ್ಲಿ ನಿಂತು, ಆಗತಾನೆ ರುಬ್ಬಿದ ತೆಂಗಿನಕಾಯಿ ಮಸಾಲೆಯ ಬಟ್ಟಲನ್ನು ಬಗ್ಗಿಸುತ್ತಿದ್ದರು.

"ಅತ್ತೇ!"

ಬಟ್ಟಲು ಗಾಳಿಯಲ್ಲೇ ನಿಂತಿತು.

"ಏನಂಗೆ ಕಿರುಚ್ಕತೀಯ, ಎದೆ ಒಡ್ಕೊಬುಡ್ತು."

"ನೀರು ಹುಯ್ದ್ಬುಟ್ರಾ?"

"ತಳ ಹಿಡೀತಿತ್ತು ಕಣವ್ವ. ಬೆಲ್ಲ ಸೀದು ಹೊಗೆ ಬತ್ತಿತ್ತು. ಅಂಗೇ ಬುಡೋಕಾಯ್ತದಾ? ಎಸ್ರು ಇಲ್ದೆ ಕೋಳಿ ಯಾರು ತಿಂತಾರೆ? ಸಾರಾದ್ರೆ ಮುದ್ದೆ ಜೊತೆ ಹೋಯ್ತದೆ, ರೆಕ್ಕೆನೋ ಮತ್ತೊಂದೋ ಯಾರಿಗೂ ಕಾಣಾಕಿಲ್ಲ."

"ಅದು ಅಂಟ್ಕೊಬೇಕಿತ್ತು ಅತ್ತೆ! ಅಂಟೇ ಅದರ ಜೀವ! ಸಾರು ತಿನ್ನಕ್ಕೆ ಅವ್ರು ಇಲ್ಲಿತಂಕ ಬರ್ತಾವ್ರಾ?"

"ಬಂದೋರ ಮುಂದೆ ಬರೀ ರೆಕ್ಕೆ ಇಟ್ಟು ಕೂತ್ಕೊಳೋದಾ? ನಮ್ಮೂರಲ್ಲಿ ಗೊತ್ತಾದ್ರೆ ಲಕ್ಷ್ಮಮ್ಮಂಗೆ ದರಿದ್ರ ಬಂದದೆ ಅಂತ ಆಡ್ಕತಾರೆ. ನಿನ್ನ ಮಾನ ಉಳಿಸ್ದೆ, ನನ್ನೇ ಬೈತೀಯ?"

ಗಗನಳಿಗೆ ಅಳು ಬರಲಿಲ್ಲ. ಸಿಟ್ಟಿಗೆ ಸಮಯವಿರಲಿಲ್ಲ. ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಆಗಲೇ ಫೋನು ಹೊಡೆದುಕೊಂಡಿತು. ಕ್ಯಾರೊಲಿನ್.

"ಗಗನಾ, ಮಮ್ಮಿ ಡ್ಯಾಡಿ ಹೊರಟುಬಿಟ್ರು ಕಣೆ! ಡ್ಯಾಡಿಗೆ ನಜರ್‌ಬಾದಲ್ಲಿ ಯಾರನ್ನೋ ನೋಡ್ಬೇಕಿತ್ತಂತೆ, ಅವ್ರು ಸಿಗ್ಲಿಲ್ಲ. ಸೀದಾ ನಿಮ್ಮನೆಗೇ. ಸ್ಕೂಟರು. ಇಪ್ಪತ್ತು ನಿಮಿಷ ಅಷ್ಟೇ. ಇನ್ನೊಂದು ವಿಷ್ಯ, ಡ್ಯಾಡಿ ಮೋಮೋ ಪಾರ್ಟಿ. ಹುಷಾರು."

ಇಪ್ಪತ್ತು ನಿಮಿಷ. ಗಗನ ಬಾಣಲೆ ನೋಡಿದಳು. ಆ ನೀರು ಈ ಗ್ಯಾಸಿನ ಉರಿಯಲ್ಲಿ ಬತ್ತಬೇಕಾದರೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ರೆಕ್ಕೆ ಬೆಂದು ಮೂಳೆ ಬಿಟ್ಟು ಗೊಜ್ಜಾಗುತ್ತದೆ. ಬೆರಳು ಅದ್ದಿ ನೆಕ್ಕಿದಳು. ತೆಳ್ಳಗಿತ್ತು. ಆದರೆ ಕೆಟ್ಟಿರಲಿಲ್ಲ. ಕೋಳಿಯ ಎಸರು ಬೆಲ್ಲದೊಳಗೆ ಇಳಿದು, ಬರೀ ಪಾಕದಲ್ಲಿ ಇಲ್ಲದಿದ್ದ ಒಂದು ಗಟ್ಟಿ ರುಚಿ ಬಂದಿತ್ತು. ಅವಳು ಇನ್ನೊಮ್ಮೆ ನೆಕ್ಕಿದಳು.

"ಹಿತ್ತಲ ಒಲೇಲಿ ಕೆಂಡ ಇದೆಯಾ ಅತ್ತೆ?"

"ನೀ ನೀರು ಹುಯ್ಕೊಂಡಿದ್ದು ಈಗ್ತಾನೆ ಅಲ್ವಾ, ಧಗಧಗ ಅಂತದೆ."

"ಹಂಡೆ ಇಳಿಸಿ."

ಹಿತ್ತಲಲ್ಲಿ ಮೂರು ಇಟ್ಟಿಗೆ ಕೂಡಿಸಿದ ಸ್ನಾನದ ನೀರಿನ ಒಲೆ. ಮೇಲೆ ಅಲ್ಯುಮಿನಿಯಂ ಹಂಡೆ. ಅತ್ತೆ ಸೊಸೆ ಇಬ್ಬರೂ ಸೀರೆಯ ಸೆರಗು, ಟವೆಲು, ಕೈಗೆ ಸಿಕ್ಕಿದ್ದರಿಂದ ಹಿಡಿದು ಹಂಡೆ ಇಳಿಸಿದರು. ಗಗನ ಜಾಲರಿ ಸೌಟಿನಲ್ಲಿ ರೆಕ್ಕೆಗಳನ್ನೆಲ್ಲ ತೋಡಿ ಮೊರದ ಮೇಲೆ ಬಾಳೆಲೆ ಹಾಸಿ ಹರಡಿದಳು. ಎಸರಿನ ಸಮೇತ ಬಾಣಲೆ ಸೌದೆ ಒಲೆಗೆ ಏರಿತು.

"ಉರಿ ದೊಡ್ಡದು ಮಾಡಿ ಅತ್ತೆ. ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು."

ಇದು ಲಕ್ಷ್ಮಮ್ಮನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಎರಡು ಒಣ ತೆಂಗಿನಗರಿ ಮುರಿದು ತುರುಕಿದರು, ಮೇಲೊಂದು ಸೀಳಿದ ಸರ್ವೆ ಕಟ್ಟಿಗೆ ಇಟ್ಟರು, ಊದುಗೊಳವೆ ಹಿಡಿದು ಒಂದೇ ಉಸಿರಿಗೆ ಊದಿದರು. ಬೆಂಕಿ ಬಾಣಲೆಯ ಕಿವಿಯವರೆಗೆ ಎದ್ದಿತು. ಎಸರು ಉಕ್ಕಿ, ಗುಳ್ಳೆ ಗುಳ್ಳೆಯಾಗಿ, ಹಬೆ ಪಕ್ಕದ ಮನೆಯ ಸುಬ್ಬಮ್ಮನವರ ಕಾಂಪೌಂಡು ದಾಟಿತು. ಆ ಕಡೆಯಿಂದ ಒಂದು ಧ್ವನಿ ಬಂತು: "ಏನ್ ಲಕ್ಷ್ಮಮ್ಮ, ಬುಧವಾರನೇ ಬೀಗರೂಟನಾ?"

"ನಮ್ಮ ಸೊಸೆ ನನಗೆ ಕೆಲ್ಸ ಕೊಟ್ಟವ್ಳೆ ಕಣಮ್ಮ!" ಎಂದು ಲಕ್ಷ್ಮಮ್ಮ ಕೂಗಿದರು. ದನಿಯಲ್ಲಿ ದೂರಿತ್ತು, ಮುಖದಲ್ಲಿ ಇರಲಿಲ್ಲ.

ನೀರಲ್ಲಿ ನೆಂದ ಚರ್ಮ ಮೆತ್ತಗಾಗಿತ್ತು. ಅದನ್ನು ಮತ್ತೆ ಎಣ್ಣೆಗೆ ಹಾಕಿದರೆ ಸಿಡಿಯುತ್ತದೆ, ಹೊತ್ತೂ ಇಲ್ಲ. ಹಪ್ಪಳ ಸುಡುವ ತಂತಿಯ ಜಾಲರಿ ಮನೆಯಲ್ಲಿ ಎರಡಿದ್ದವು. ಗಗನ ಒಲೆಯ ಬಾಯಿಂದ ಕೆಂಡ ಎಳೆದು ಹರಡಿ, ಎರಡು ಕಡೆ ಇಟ್ಟಿಗೆ ಚೂರು ಕೊಟ್ಟು ಜಾಲರಿ ಇಟ್ಟಳು. ಒಂದು ಸಲಕ್ಕೆ ಎಂಟು ತುಂಡು. ಚರ್ಮದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚಟ್ ಚಟ್ ಅಂದಿತು. ಅಂಚು ಕಪ್ಪಾಗಿ, ಹೊಗೆ ಕೂದಲಿಗೆಲ್ಲ ಹತ್ತಿತು. ತಲೆಗೆ ನೀರು ಹಾಕಿಕೊಂಡದ್ದು ದಂಡ.

"ಚಿಮ್ಟ ಎಲ್ಲಿ ಅತ್ತೆ?"

"ಚಿಮ್ಟ ಯಾಕೆ, ಕೈ ಇಲ್ವಾ?" ಲಕ್ಷ್ಮಮ್ಮ ಬರಿಬೆರಳಿನಲ್ಲಿ ಒಂದೊಂದೇ ರೆಕ್ಕೆಯನ್ನು ಹಿಡಿದು ತಿರುವಿಹಾಕತೊಡಗಿದರು. ಆ ಬೆರಳುಗಳಿಗೆ ಬಿಸಿ ತಾಗುತ್ತಿರಲಿಲ್ಲ, ಅಥವಾ ತಾಗಿದರೂ ಅವರು ಲೆಕ್ಕಕ್ಕಿಡುತ್ತಿರಲಿಲ್ಲ.

ಬಾಣಲೆಯ ಎಸರು ಕಾಲು ಭಾಗಕ್ಕೆ ಇಳಿದಿತ್ತು. ಗಗನ ಇನ್ನೊಂದು ಅಚ್ಚು ಬೆಲ್ಲ ಜಜ್ಜಿ ಹಾಕಿದಳು. ಸೌಟು ಎತ್ತಿದರೆ ಇನ್ನೂ ಹನಿ ಬೀಳುತ್ತಿತ್ತು. ಎಳೆ ಬರಬೇಕು. ಆಗ ಬೀದಿಯಲ್ಲಿ ಸ್ಕೂಟರು ನಿಂತ ಸದ್ದಾಯಿತು.

"ಬಂದ್ಬುಟ್ರು!" ಎಂದಳು ಗಗನ. "ಅತ್ತೆ, ಹತ್ತು ನಿಮಿಷ ಕೂರಿಸ್ಕೊಳ್ಳಿ. ಏನಾದ್ರೂ ಮಾತಾಡಿ."

"ಏನ್ ಮಾತಾಡ್ಲಿ?"

"ನೀವಾ ಕೇಳ್ತಿರೋದು? ಸಂತೇಲಿ ಮಾತಿಗೆ ನಿಂತ್ರೆ ನಿಮಗೆ ಸಂಜೆ ಆಗಲ್ವಾ?"

ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಗಗನ ಒಬ್ಬಳೇ ಉಳಿದಳು. ಜಾಲರಿಯ ಮೇಲೆ ಕೊನೆಯ ಎಂಟು, ಬಾಣಲೆಯಲ್ಲಿ ಗುಳ್ಳೆ, ಕಣ್ಣಲ್ಲಿ ಹೊಗೆ. ಒಳಗಿನಿಂದ ಮಾತು ತೇಲಿ ಬರುತ್ತಿತ್ತು.

"ನೀರು ತಕ್ಕಳ್ಳಿ. ಬೆಲ್ಲ ಬಾಯಿಗಾಕ್ಕಳ್ಳಿ. ಬಿಸ್ಲಲ್ಲಿ ಬಂದಿದೀರಿ."

"ಬೇಡಮ್ಮ, ಬೇಗ ಹೋಗ್ಬೇಕು" ಎಂದು ಗಂಡು ದನಿ. ಅದು ಜೋಸೆಫ್‌ರಾಜ್ ಅಂಕಲ್, ಪೌಲಿನ್ ಆಂಟಿಯ ಗಂಡ. "ಎಲ್ಲಿ, ಗಗನ?"

"ಬತ್ತಾಳೆ, ಬತ್ತಾಳೆ. ನಿಮಗೆ ಒಬ್ಳೇ ಮಗ್ಳಾ? ನಂಗೂ ಒಬ್ನೇ ಮಗ. ಅವ್ನು ಹುಟ್ಟೋವಾಗ ಏನಾಯ್ತು ಅಂದ್ರೆ..."

ಕುಮಾರ್ ಹುಟ್ಟಿದ ಕತೆ ಕನಿಷ್ಠ ಕಾಲು ಗಂಟೆಯದು. ಗಗನ ಹೊಗೆಯೊಳಗೇ ನಕ್ಕಳು. ಸೌಟು ಎತ್ತಿದಳು. ಹನಿ ಬಿದ್ದಿತು, ನಿಂತಿತು, ಹಿಂದೆ ಒಂದು ಎಳೆ ಜಗ್ಗಿಕೊಂಡು ಬಂತು. ಬಂತು! ಮೊರವನ್ನೇ ಎತ್ತಿ ರೆಕ್ಕೆಗಳನ್ನೆಲ್ಲ ಬಾಣಲೆಗೆ ಸುರಿದು, ಎರಡೂ ಕೈಯಲ್ಲಿ ಮಗುಚಿದಳು. ಪಾಕ ಒಂದೊಂದು ತುಂಡನ್ನೂ ಸುತ್ತಿಕೊಂಡಿತು. ಮೊದಲಿನ ಹಾಗೆ ಅರಗಿನ ಗೊಂಬೆಯಾಗಿರಲಿಲ್ಲ. ಬಣ್ಣ ಕಡುಗೆಂಪು, ಅಲ್ಲಲ್ಲಿ ಕರಿ. ನೋಡಲು ಮೊದಲಿನಷ್ಟು ಅಂದವಿಲ್ಲ. ಒಂದನ್ನು ಬಾಯಿಗಿಟ್ಟುಕೊಂಡಳು. ಮೊದಲು ಹೊಗೆ, ಆಮೇಲೆ ಸಿಹಿ, ಹುಳಿ, ನುಂಗಿದ ಮೇಲೆ ಗುಂಟೂರು ಎದ್ದು ನಿಂತಿತು. ಮೂಳೆ ತಾನಾಗಿ ಬಿಟ್ಟುಕೊಂಡಿತು. ಇಷ್ಟು ದಿನ ತಾನು ಮಾಡಿದ್ದು ಏನೂ ಅಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ತಟ್ಟೆ ಮುಂದಿಟ್ಟಾಗ ಲಕ್ಷ್ಮಮ್ಮ ತಡೆಯಲಾಗದೆ ಹೇಳಿಯೇಬಿಟ್ಟರು. "ರೆಕ್ಕೆ ಇಕ್ಕವ್ರೆ ಅಂತ ಬೇಜಾರ್ ಮಾಡ್ಕಬೇಡಿ. ಹೊಸ ಅಡ್ಗೆಯಂತೆ."

"ರೆಕ್ಕೇಲಿ ಏನಿರುತ್ತಮ್ಮ, ಬರೀ ಮೂಳೆ" ಎಂದರು ಜೋಸೆಫ್‌ರಾಜ್. ದಪ್ಪ ಮೀಸೆಯ, ರಿಟೈರಾದ ರೈಲ್ವೆ ಗುಮಾಸ್ತ. "ಯೋಗೇಂದ್ರನ ಮೋಮೋ ಆದ್ರೆ ಮಕ್ಕಳು ಬಾಯಿಗೆ ಹಾಕ್ಕೊಂಡು ಓಡ್ತಾರೆ. ಇದನ್ನ ಕೂತು ಚೀಪ್ಬೇಕು."

"ತಿಂದು ಮಾತಾಡಿ" ಎಂದರು ಪೌಲಿನ್ ಆಂಟಿ.

ಅವರು ತಿಂದರು. ಒಂದು ತುಂಡು. ಎರಡನೆಯದು. ಮೂರನೆಯದಕ್ಕೆ ಮೂಗಿನಲ್ಲಿ ನೀರು ಬಂತು. ಕರ್ಚೀಫು ತೆಗೆಯಲು ಹೋದರೆ ಬೆರಳು ಜೇಬಿಗೆ ಅಂಟಿಕೊಂಡಿತು. ಮೀಸೆಯ ತುದಿಯಲ್ಲಿ ಪಾಕ. "ಏನ್ ಖಾರ ಕಣ್ರಮ್ಮ!" ಎಂದು ನಾಲ್ಕನೆಯದಕ್ಕೆ ಕೈ ಹಾಕಿದರು. ಗಗನ ಗೋಡೆಗೊರಗಿ ನಿಂತು, ಯಾರ ಮುಖ ನೋಡುವುದು ಎಂದು ಗೊತ್ತಾಗದೆ ಅವರ ತಟ್ಟೆಯ ಅಂಚಿಗೆ ಬೀಳುತ್ತಿದ್ದ ಮೂಳೆಗಳನ್ನೇ ನೋಡುತ್ತಿದ್ದಳು. ಒಂದರಲ್ಲೂ ಚೂರು ಮಾಂಸ ಉಳಿದಿರಲಿಲ್ಲ.

ಪೌಲಿನ್ ಆಂಟಿ ಎರಡೇ ತಿಂದರು, ನಿಧಾನವಾಗಿ. ಕೈ ತೊಳೆದು ಬಂದು ಕೂತರು.

"ಮೇಜಿನ ಹತ್ರ ಒಂದು ಗ್ಯಾಸ್ ಸ್ಟವ್ ಇಟ್ಕೋಬಹುದು. ಅಷ್ಟೇ ಜಾಗ. ಭಾನುವಾರ ಇನ್ನೂರು ಪ್ಲೇಟು ಇದೇ ರುಚಿ ಬರುತ್ತಾ, ಗಗನಾ?"

ಗಗನ ಬಾಯಿ ತೆರೆದಳು. 'ಬರುತ್ತೆ ಆಂಟಿ' ಎಂಬ ಎರಡು ಮಾತು ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಮೇಜು ಸಿಕ್ಕಿಬಿಡುತ್ತಿತ್ತು. ಭಾನುವಾರ ಗ್ಯಾಸಿನ ಮೇಲೆ ಹಳೆಯ ಥರದ್ದನ್ನೇ ಮಾಡಿದರೂ ಜನ ತಿನ್ನುತ್ತಿದ್ದರು, ಅದೇನೂ ಕೆಟ್ಟದ್ದಲ್ಲ. ಆದರೆ ಈ ಇಬ್ಬರ ಬಾಯಿಗೆ ಈ ರುಚಿ ಬಿದ್ದಾಗಿತ್ತು. ಭಾನುವಾರ ಪೌಲಿನ್ ಆಂಟಿ ಮೇಜಿಗೆ ಬಂದು ಒಂದು ತುಂಡು ತಿಂದರೆ ಸಾಕು, ಸುಳ್ಳು ಅಂಟಿನಷ್ಟೇ ಸ್ಪಷ್ಟವಾಗಿ ಬೆರಳಿಗೆ ಹತ್ತುತ್ತದೆ.

"ಗ್ಯಾಸಲ್ಲಿ ಬರಲ್ಲ ಆಂಟಿ. ಇದು ಸೌದೆ ಉರಿ. ನಿಜ ಹೇಳ್ಬೇಕು ಅಂದ್ರೆ ಹೀಗೆ ಮಾಡಿದ್ದು ಇವತ್ತೇ ಮೊದಲು. ಪಾಕಕ್ಕೆ ನೀರು ಬಿದ್ದೋಯ್ತು. ಸರಿ ಮಾಡೋಕ್ಹೋಗಿ ಹಿಂಗಾಯ್ತು."

"ಬಿದ್ದೋಗ್ಲಿಲ್ಲ, ನಾನೇ ಹುಯ್ದಿದ್ದು" ಎಂದರು ಲಕ್ಷ್ಮಮ್ಮ ಬಾಗಿಲಿನಿಂದ.

ಜೋಸೆಫ್‌ರಾಜ್ ಮೀಸೆ ಒರೆಸಿಕೊಂಡರು.

"ಪೌಲಿನ್, ಚರ್ಚ್ ಹಾಲ್ ಹಿಂದುಗಡೆ ಬಿರಿಯಾನಿ ಒಲೆ ಹಾಕ್ತಾರಲ್ಲ. ಅದರ ಪಕ್ಕ ಜಾಗ ಇದೆ."

"ಅಲ್ಲಿಗೆ ಜನ ಎಲ್ಲಿ ಬರ್ತಾರೆ? ಕತ್ತಲೆ ಮೂಲೆ" ಎಂದರು ಪೌಲಿನ್ ಆಂಟಿ. ಗಗನಳ ಕಡೆ ತಿರುಗಿದರು. "ನೋಡಮ್ಮ, ಮುಂದಿನ ಮೇಜು ನಾನು ಯೋಗೇಂದ್ರನಿಗೆ ಕೊಡ್ತೀನಿ. ನಿನಗೆ ಬೇಕಾದ್ರೆ ಹಿಂದುಗಡೆ. ಮೇಜು ನಾವು ಕೊಡ್ತೀವಿ, ಸೌದೆ, ಲೈಟು ನಿಂದು. ಒಬ್ಬರೂ ಬರ್ಲಿಲ್ಲ ಅಂದ್ರೆ ನನ್ನ ಕೇಳ್ಬಾರ್ದು."

ಅದು ಅವಳು ಕಾದಿದ್ದ ಮೇಜಲ್ಲ. ಗೇಟಿನ ಎದುರು, ದೀಪದ ಕೆಳಗೆ, ಬಂದವರೆಲ್ಲ ಮೊದಲು ಕಾಣುವ ಜಾಗವಲ್ಲ. ಹಾಲಿನ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಪಕ್ಕ. ಆದರೆ ಹಿತ್ತಲ ಒಲೆಯ ವಾಸನೆಗೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿ ವಿಚಾರಿಸಿದ್ದನ್ನು ಅವಳು ಈಗತಾನೆ ಕೇಳಿದ್ದಳು.

"ಬರ್ತಾರೆ ಆಂಟಿ. ಗಾಳಿ ಆ ಕಡೆಯಿಂದ ಗೇಟಿನ ಕಡೆಗೆ ಬೀಸ್ಲಿ, ಬೀಸದೇ ಹೋಗ್ಲಿ, ನಾನು ಬರ್ಸ್ತೀನಿ. ಆ ಜಾಗ ನಂದು."

"ಆಯ್ತು" ಎಂದರು ಪೌಲಿನ್ ಆಂಟಿ. ಜೋಸೆಫ್‌ರಾಜ್ ತಟ್ಟೆಯಲ್ಲಿ ಉಳಿದಿದ್ದನ್ನು ನೋಡಿದರು. "ಕ್ಯಾರೊಲಿನ್‌ಗೆ ಅಂತ ಸ್ವಲ್ಪ ಕಟ್ಟಿಕೊಡ್ತೀಯಾ?" ಕ್ಯಾರೊಲಿನ್‌ಗೆ ಅದರಲ್ಲಿ ಒಂದೂ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗಗನ ಡಬ್ಬಿ ತುಂಬ ಕಟ್ಟಿಕೊಟ್ಟಳು.

ಸ್ಕೂಟರು ತಿರುವು ದಾಟಿದ್ದೇ ತಡ, ಅವಳು ಹಿತ್ತಲಿಗೆ ಓಡಿದಳು. ಕೆಂಡ ಇನ್ನೂ ಇತ್ತು. ಜೆರಾಕ್ಸ್ ಅಂಗಡಿಯಿಂದ ತಂದ ಒಂದು ಕಡೆ ಅಚ್ಚಾದ ಹಾಳೆ, ಪೆನ್ನು ಹಿಡಿದು ಮೆಟ್ಟಿಲ ಮೇಲೆ ಕೂತಳು.

"ಅತ್ತೆ, ಬನ್ನಿ ಇಲ್ಲಿ. ಎಷ್ಟು ಚೊಂಬು ಹುಯ್ದ್ರಿ?"

"ಯಾರಿಗ್ಗೊತ್ತು? ಕಣ್ಣಳತೆ."

"ಎರಡಾ, ಮೂರಾ?"

"ರೆಕ್ಕೆ ಮುಳ್ಗೋವರ್ಗೂ ಹುಯ್ದೆ. ಬಿಸಿನೀರು, ತಣ್ಣೀರಲ್ಲ. ಅದನ್ನೂ ಬರ್ಕೊ. ಮತ್ತೆ ಭಾನುವಾರಕ್ಕೆ ಒಂದೈದು ಕೆಜಿ ತೊಡೆನೂ ತರ್ಸು, ದೊಡ್ಡೋರು ಬಂದ್ರೆ ಕೊಡೋಕೆ."

"ತೊಡೆ ಬೇಡ ಅತ್ತೆ. ಫಾದರ್ ಬಂದ್ರೂ ರೆಕ್ಕೆನೇ."

"ನಾಚ್ಕೆಗೆಟ್ಟೋಳೆ" ಎಂದರು ಲಕ್ಷ್ಮಮ್ಮ. ಬಾಣಲೆಯ ಅಂಚಿನಲ್ಲಿ ಗಟ್ಟಿಯಾಗಿದ್ದ ಪಾಕವನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡು, ಊದುಗೊಳವೆ ಎತ್ತಿಕೊಂಡರು. "ಕೋಳಿ ಅಂಗಡಿ ಮುಚ್ಚೋ ಮುಂಚೆ ಇನ್ನೊಂದು ಕೆಜಿ ತಗೊಂಬಾ. ಇವತ್ತೇ ಅಳ್ದು ನೋಡ್ಬುಡಣ."

ಗಗನ ಒದ್ದೆ ತಲೆಯಲ್ಲೇ, ಚಪ್ಪಲಿ ಒಂದು ಕಾಲಿಗೆ ಹಾಕಿ ಇನ್ನೊಂದಕ್ಕೆ ಹಾಕುವಷ್ಟರಲ್ಲಿ ಬೀದಿಯಲ್ಲಿದ್ದಳು.